ತಲೆಗೆಷ್ಟ್ ಬೀಳ್ತದೆ ಸಾ?

ಫೈನಲ್ ಇಯರ್ ಟೂರಿನ ಮಾತು ಎತ್ತಿದೊಡನೆ ಹಿಂದಿನ ಬೆಂಚಿನಿಂದ ಬರುವ ಮೊದಲ ಪ್ರಶ್ನೆ ಇದು. ಎಲ್ಲಿಗೆ, ಯಾವಾಗ, ಎಷ್ಟು ದಿನ ಎಂಬುದೆಲ್ಲ ಆಮೇಲೆ. ಪ್ರಶ್ನೆಯೇನೋ ಸರಿಯಾದದ್ದೇ. ಅದಕ್ಕೆ ನಾವು ಕೊಡುತ್ತ ಬಂದ ಉತ್ತರದಲ್ಲಿ ಲೆಕ್ಕ ತಪ್ಪಿದೆ ಎಂಬುದು, ಮಂಡ್ಯ ಕಡೆಯ ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಹೇಳುತ್ತ, ವರ್ಷಕ್ಕೊಮ್ಮೆ ‘ಜೊತೆಗೊಬ್ಬರು ಮೇಷ್ಟ್ರು’ ಎಂಬ ಲೆಕ್ಕಕ್ಕೆ ಬಸ್ಸು ಹತ್ತುತ್ತಿದ್ದ ನನಗೆ ಬಹಳ ತಡವಾಗಿ ಹೊಳೆಯಿತು.

ಜಾಗ ಆರಿಸುವ ಬಗೆ ಎಲ್ಲ ಕಾಲೇಜಿನಲ್ಲೂ ಹೆಚ್ಚುಕಡಿಮೆ ಒಂದೇ. ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪೋಲ್ ಬೀಳುತ್ತದೆ: ಗೋವಾ, ಚಿಕ್ಕಮಗಳೂರು, ದಾಂಡೇಲಿ, ಬೇರೆ. ‘ಬೇರೆ’ಗೆ ಯಾರೂ ಒತ್ತುವುದಿಲ್ಲ. ಅರ್ಧ ಗಂಟೆಯಲ್ಲಿ ಗೋವಾ ಗೆದ್ದಿರುತ್ತದೆ. ಮರುದಿನ ಸಿಆರ್ (ತರಗತಿಯ ಪ್ರತಿನಿಧಿ) ಹುಡುಗ ಯಾವುದೋ ಟ್ರಾವೆಲ್ಸ್‌ಗೆ ಹೋಗಿ ಕೊಟೇಶನ್ ತರುತ್ತಾನೆ. 40 ಜನ ಆದರೆ ತಲೆಗೆ ಇಷ್ಟು. ಬಸ್ಸು, ರೂಮು, ಎರಡು ಹೊತ್ತಿನ ಊಟ, ಒಂದು ರಾತ್ರಿ ಡಿಜೆ. ಗೆರೆ ಹಾಳೆಯ ಮೇಲೆ ಹೆಸರು ಬರೆಯಲು ಶುರುವಾಗುತ್ತದೆ.

ಹೆಸರು 40 ಬರುತ್ತವೆ. ಅಡ್ವಾನ್ಸ್ ಕಟ್ಟುವ ದಿನ 32 ಉಳಿದಿರುತ್ತವೆ. ಬಸ್ಸಿನ ಬಾಡಿಗೆ ಮಾತ್ರ ಹೆಸರು ಎಣಿಸಿ ಇಳಿಯುವುದಿಲ್ಲ. ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರು, ಮೇಲೆ ಡ್ರೈವರ್ ಬಾಟಾ, ಗಡಿ ದಾಟಿದರೆ ಪರ್ಮಿಟ್ಟು. ಎಲ್ಲ ಸೇರಿ 80,000 ಅನ್ನಿ. 40 ಜನಕ್ಕೆ ತಲೆಗೆ 2,000 ಬಿದ್ದದ್ದು 32 ಜನಕ್ಕೆ 2,500 ಆಯಿತು. ಆಗ ಇನ್ನು ಏಳು ಜನ ಜಾರುತ್ತಾರೆ. 25 ಜನಕ್ಕೆ 3,200. ಹೀಗೆ ಜಾರುವವರು ಯಾರು ಎಂದು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ‘ಅವತ್ತು ಅಕ್ಕನ ಸೀಮಂತ ಸಾ’, ‘ನಂಗೆ ಬಸ್ಸಲ್ಲಿ ವಾಂತಿ ಆಯ್ತದೆ ಸಾ.’ ಒಬ್ಬ ಹುಡುಗಿ ಮೂರು ವರ್ಷದ ಮೂರು ಟೂರಿಗೂ ‘ಊರಲ್ಲಿ ಮಾರಿಹಬ್ಬ’ ಎಂದಳು. ಮೂರು ಟೂರು ಮೂರು ಬೇರೆ ತಿಂಗಳಲ್ಲಿದ್ದವು. ವರ್ಷಕ್ಕೊಮ್ಮೆ ಬರುವ ಹಬ್ಬ ಟೂರಿನ ತಾರೀಕಿಗೇ ಬರುತ್ತಿದೆಯಲ್ಲ ಎಂದು ನನಗೆ ಅನುಮಾನ ಹುಟ್ಟಲು ಮೂರನೇ ವರ್ಷವೇ ಬೇಕಾಯಿತು.

ಅಲ್ಲಿಂದ ನಾನು ಜಾಗಗಳನ್ನು ಎರಡೇ ಪ್ರಶ್ನೆ ಹಾಕಿ ತೂಗುತ್ತೇನೆ. ಒಬ್ಬರು ಬಾರದಿದ್ದರೆ ಉಳಿದವರ ಖರ್ಚು ಏರುತ್ತದೆಯೇ? ಅಲ್ಲಿ ಇಳಿದ ಮೇಲೆ ಜೇಬಿಗೆ ಕೈ ಹಾಕದೆ ಒಂದು ದಿನ ಸುಖವಾಗಿ ಕಳೆಯಬಹುದೇ?

ಗೋವಾ ಎರಡರಲ್ಲೂ ಸೋಲುತ್ತದೆ. ಗೋವಾ ಎಂದರೆ ಮನೆಯವರು ಹುಬ್ಬು ಗಂಟಿಕ್ಕುತ್ತಾರೆ ಎಂಬುದು ನನ್ನ ತಕರಾರಲ್ಲ, ಕಡಲು ಕಡಲೇ. ತಕರಾರು ಇರುವುದು ಅಲ್ಲಿ ಖರ್ಚಿಗೆ ತುದಿಯೇ ಇಲ್ಲ ಎಂಬುದಕ್ಕೆ. ಪ್ಯಾಕೇಜಿನ ದುಡ್ಡು ಕೊಟ್ಟು ಹೋದವನು ಅಲ್ಲಿ ಬೈಕ್ ಬಾಡಿಗೆ, ವಾಟರ್ ಸ್ಪೋರ್ಟ್ಸು, ಶ್ಯಾಕಿನ ಬಿಲ್ಲು ಎಂದು ಗಂಟೆಗೊಮ್ಮೆ ತೆರುತ್ತಲೇ ಇರಬೇಕು. ತೆರಲಾರದವನು ಬ್ಯಾಗು ಕಾಯುತ್ತ ಮರಳಿನ ಮೇಲೆ ಕೂರುತ್ತಾನೆ. ಗೋವಾದ ದೂಧಸಾಗರ ಜಲಪಾತ ಬಿಟ್ಟಿ ಎಂದು ಹಳಿಗುಂಟ ನಡೆದು ಹೋದವರಿಗೆ 2023ರ ಜುಲೈನಲ್ಲಿ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ನಮ್ಮ ಹುಡುಗರೆಲ್ಲ ನೋಡಿ ನಕ್ಕಿದ್ದರು. ಆದರೂ ಪೋಲ್‌ನಲ್ಲಿ ಗೋವಾ ಗೆಲ್ಲುವುದು ನಿಂತಿಲ್ಲ.

ಸಕಲೇಶಪುರ, ಚಿಕ್ಕಮಗಳೂರು, ದಾಂಡೇಲಿಗಳ ರೆಸಾರ್ಟ್ ಪ್ಯಾಕೇಜಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ರೇನ್ ಡ್ಯಾನ್ಸು, ಜಿಪ್‌ಲೈನು, ಕ್ಯಾಂಪ್‌ಫೈರು. ಮೂರು ಊರಿನಲ್ಲೂ ಅದೇ. ಬೇಲಿಯಾಚೆ ಏನಿದೆ ಎಂದು ನೋಡದೆ ಬರುವುದಕ್ಕೆ ಹೊರಾಂಗಣ ಪ್ರವಾಸ ಎಂದು ಹೆಸರಿಡುವುದು ಯಾಕೆಂದು ನನಗೆ ತಿಳಿದಿಲ್ಲ.

ಕುಮಾರ ಪರ್ವತದ ಕಥೆ ಬೇರೆ. ಸುಬ್ರಹ್ಮಣ್ಯದವರೆಗೆ ಸರ್ಕಾರಿ ಬಸ್ಸಿದೆ, ಗಿರಿಗದ್ದೆಯ ಭಟ್ಟರ ಮನೆಯ ಅನ್ನ-ಸಾಂಬಾರ್-ಮಜ್ಜಿಗೆ ಚಾರಣಿಗರೆಲ್ಲ ಬಲ್ಲದ್ದು, 1,712 ಮೀಟರಿನ ತುದಿಗೆ ಹತ್ತಲು, ಅರಣ್ಯ ಇಲಾಖೆಯ ಶುಲ್ಕ ಬಿಟ್ಟರೆ, ಬೇಕಾದದ್ದು ಕಾಲು ಮಾತ್ರ. ಖರ್ಚಿನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಕಷ್ಟ. ಆದರೆ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಬೆಟ್ಟದ ದಾರಿಯುದ್ದಕ್ಕೂ ಸಂತೆಯಂತೆ ಜನ ನಿಂತ ಚಿತ್ರ ಎಲ್ಲೆಡೆ ಹರಡಿ, ಅರಣ್ಯ ಇಲಾಖೆ ಚಾರಣವನ್ನೇ ತಡೆದು, ಆಮೇಲೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಮಾಡಿದ್ದು ಸರಿ. 50 ಜನರ ಒಂದು ತರಗತಿ ಎಂದರೆ ಆ ದಿನದ ಬೆಟ್ಟದಲ್ಲಿ ಆರರಲ್ಲೊಂದು ಪಾಲು. ಅಷ್ಟು ಗದ್ದಲವನ್ನು ಆ ಬೆಟ್ಟವಿರುವ ಪುಷ್ಪಗಿರಿಯ ಕಾಡಿನ ಮೇಲೆ ಹೇರಲು ನನಗೆ ಮನಸ್ಸಿಲ್ಲ. ಇನ್ನೊಂದು ಮಾತು: ದುಡ್ಡಿಲ್ಲದವರನ್ನು ಒಳಗೆ ತಂದ ಬೆಟ್ಟ ಮಂಡಿನೋವಿನವರನ್ನು, ಉಬ್ಬಸದವರನ್ನು ಹೊರಗಿಡುತ್ತದೆ. ಹತ್ತು ಜನ ಗೆಳೆಯರಿಗೆ ಸರಿ, ತರಗತಿಗೆ ಅಲ್ಲ.

ತೀರ್ಥಹಳ್ಳಿ ಸುತ್ತಿನ ಬಗ್ಗೆ ನನಗೆ ಪಕ್ಷಪಾತವಿದೆ, ಒಪ್ಪಿಕೊಳ್ಳುತ್ತೇನೆ. ಕವಲೇದುರ್ಗದ ಕೋಟೆ, ಕುಂದಾದ್ರಿ, ಆಗುಂಬೆಯ ಸೂರ್ಯಾಸ್ತ, ಕುಪ್ಪಳಿಯ ಕವಿಮನೆ, ಒಂದಕ್ಕೊಂದು ಹತ್ತಿರ. ಒಮ್ಮೆ ಕುಪ್ಪಳಿಯ ಕವಿಶೈಲದಲ್ಲಿ ಬಂಡೆಯ ಮೇಲೆ ಏನೋ ಗೀಚಲು ಹೊರಟ ಹುಡುಗನನ್ನು ಗದರಿಸಿದೆ. ಅವನು ಪಕ್ಕದ ಬಂಡೆ ತೋರಿಸಿದ. ಅದರ ಮೇಲೆ ಬಿಎಂಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರೂ ಕೊರೆದ ಹಸ್ತಾಕ್ಷರ! ‘ನೀನೂ ಅಷ್ಟು ಬರೆದ ಮೇಲೆ ಬಾ’ ಎಂದು ಕಲ್ಲು ಕಸಿದುಕೊಂಡೆ. ಇಷ್ಟೆಲ್ಲ ಇದ್ದೂ ಈ ಸುತ್ತು ನಮಗೆ ಅಗ್ಗವಾಗುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆ, ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ನಮ್ಮ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು, ಹಾಗಾಗಿ ಇದು ಸಣ್ಣ ಮಾತಲ್ಲ. ಮಲೆನಾಡಿನ ಒಳದಾರಿಗಳಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ. ಕೊನೆಗೆ ಟಿಟಿ (ಟೆಂಪೊ ಟ್ರಾವೆಲರ್) ಮಾಡಲೇಬೇಕು, ಟಿಟಿ ಬಂದರೆ ಹಿಂದೆಯೇ ಆ ಬಾಡಿಗೆಯ ಲೆಕ್ಕವೂ ಬರುತ್ತದೆ.

ಕಡೆಗೆ ನಾನು ನಿಲ್ಲುವುದು ಹಂಪಿಯಲ್ಲಿ. ‘ಹಂಪೀನಾ ಸಾ? ಹೈಸ್ಕೂಲಲ್ಲೇ ಹೋಗಿದ್ವಿ’ ಎಂಬ ಮುಖ ಸಿಂಡರಿಕೆ ನನಗೆ ಗೊತ್ತು. ಹೈಸ್ಕೂಲಿನಲ್ಲಿ ಅವರು ನೋಡಿದ್ದು ಮುಂದಿನವನ ಬೆನ್ನು ಮತ್ತು ಬಸ್ಸಿನ ಕಿಟಕಿ.

ಹಂಪಿ ಎಕ್ಸ್‌ಪ್ರೆಸ್ಸನ್ನು ಸಂಜೆ ಮಂಡ್ಯದಲ್ಲಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಒಂದು ರಾತ್ರಿಯ ರೂಮು ಉಳಿಯಿತು. ಪ್ರಿನ್ಸಿಪಾಲರ ಪತ್ರವಿದ್ದರೆ ಶೈಕ್ಷಣಿಕ ಪ್ರವಾಸಕ್ಕೆ ಸ್ಲೀಪರ್ ದರದಲ್ಲಿ ಅರ್ಧ ರಿಯಾಯಿತಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮುಕ್ಕಾಲು. ಎಲ್ಲಕ್ಕಿಂತ ಮುಖ್ಯವಾದದ್ದು, ರೈಲಿನಲ್ಲಿ ಒಬ್ಬರ ಟಿಕೆಟ್ಟು ಒಬ್ಬರದೇ. ಎಂಟು ಜನ ಜಾರಿದರೂ ಒಂಬತ್ತನೆಯವರಿಗೆ ಒಂದು ರೂಪಾಯಿ ಏರುವುದಿಲ್ಲ. ಹೊಸಪೇಟೆಯಿಂದ ಹಂಪಿಗೆ ಸರ್ಕಾರಿ ಬಸ್ಸು, ಅರ್ಧ ಗಂಟೆ. ನಾವು ಹೋದಾಗ ಹುಡುಗಿಯರು ಆಧಾರ್ ತೋರಿಸಿ ಕೂತರು, ಹುಡುಗರು ಟಿಕೆಟ್ಟು ತೆಗೆದರು, ‘ಈ ಸಲ ನೀವೇ ಖರ್ಚು’ ಎಂದು ದಾರಿಯುದ್ದಕ್ಕೂ ಕಿಚಾಯಿಸಿಕೊಂಡರು.

ಅಲ್ಲಿ ದುಡ್ಡು ಕೇಳುವ ಜಾಗ ಕಡಿಮೆ. ಮತಂಗ ಬೆಟ್ಟದ ಸೂರ್ಯೋದಯಕ್ಕೆ ಟಿಕೆಟ್ಟಿಲ್ಲ. ವಿರೂಪಾಕ್ಷನ ಗುಡಿಯಿಂದ ಹೊಳೆದಂಡೆ ಹಿಡಿದು, ಕೋದಂಡರಾಮನ ಗುಡಿ ದಾಟಿ, ಅಚ್ಯುತರಾಯನ ಗುಡಿಯ ಮುಂದಿನ ಹಾಳು ಬಜಾರಿನಲ್ಲಿ ಕೂತು ಬುತ್ತಿ ಬಿಚ್ಚಿ, ವಿಠ್ಠಲ ಗುಡಿಯವರೆಗೆ ನಡೆಯುವುದಕ್ಕೂ ಇಲ್ಲ. ಮಂಡಿನೋವಿನವರು ಮಂಟಪದ ನೆರಳಿನಲ್ಲಿ ಕೂರಬಹುದು, ಹುಮ್ಮಸ್ಸಿನವರು ಬಂಡೆ ಹತ್ತಬಹುದು, ಸಂಜೆ ಎಲ್ಲರೂ ಒಂದೇ ಕಡೆ ಸೇರಬಹುದು. ದುಡ್ಡು ಕೊಟ್ಟದ್ದು ವಿಠ್ಠಲ ಗುಡಿಯ ಬಾಗಿಲಲ್ಲಿ, ತಲೆಗೆ 40 ರೂಪಾಯಿ. ಅದೇ ಟಿಕೆಟ್ಟು ಕಮಲ ಮಹಲಿಗೂ ನಡೆಯುತ್ತದೆ. ಕಲ್ಲಿನ ರಥದ ಮುಂದೆ ಐವತ್ತರ ನೋಟು ಹಿಡಿದು ಫೋಟೊ ತೆಗೆಸಿಕೊಳ್ಳಬೇಕೆಂದು ಎಲ್ಲರಿಗೂ ಆಸೆ, ನೋಟಿನ ಬೆನ್ನಲ್ಲಿ ಅದೇ ರಥವಿದೆಯಲ್ಲ. ನೋಡಿದರೆ ಯಾರ ಹತ್ತಿರವೂ ನೋಟಿಲ್ಲ, ಎಲ್ಲರದ್ದೂ ಫೋನ್‌ಪೇ. ಹಂಪಿ ಎಂದ ಮೇಲೆ ಒಪ್ಪಿ ಬಂದಿದ್ದ ಮಾರಿಹಬ್ಬದ ಹುಡುಗಿ ಬ್ಯಾಗಿನೊಳಗಿನ ಸಣ್ಣ ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ್ದ ಐವತ್ತರ ನೋಟು ತೆಗೆದಳು. ಆ ಒಂದು ನೋಟು ಮೂವತ್ತು ಕೈ ದಾಟಿ, ಫೋಟೊಗಳೆಲ್ಲ ಮುಗಿದ ಮೇಲೆ ಅವಳ ಪರ್ಸಿಗೆ ವಾಪಸಾಯಿತು.

ಹಂಪಿಯಲ್ಲಿ ಊನವಿಲ್ಲವೆಂದಲ್ಲ. ಶೌಚಾಲಯ ಸಾಲದು, ನೆರಳು ಸಾಲದು, ನೀರಿನ ಬಾಟಲಿ ಇಲ್ಲದೆ ಹೊರಟವರು ಹತ್ತು ಗಂಟೆಗೇ ಸೋಲುತ್ತಾರೆ. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಕೆಡವಲಾಯಿತು. ಹುಡುಗರಿಗೆ ಅದು ನಿರಾಸೆ, ನನಗಲ್ಲ. ಇನ್ನೊಂದು ಊನ ಮೇಷ್ಟ್ರುಗಳದ್ದು. ಮಹಾನವಮಿ ದಿಬ್ಬದ ಮುಂದೆ ನಿಂತು ಮುಕ್ಕಾಲು ಗಂಟೆ ಕೃಷ್ಣದೇವರಾಯನ ಬಗ್ಗೆ ಮಾತಾಡಿ ಹಿಂದೆ ತಿರುಗಿದರೆ ಮೂವರಿದ್ದರು; ಅವರಲ್ಲೊಬ್ಬ ಗೈಡು.

ನೀರಿನ ಮಾತನ್ನು ಮಾತ್ರ ಹಗುರವಾಗಿ ಆಡಲಾರೆ. 2014ರ ಜೂನ್‌ನಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 24 ಮಂದಿ ಹಿಮಾಚಲದ ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಅವರು ಹೊಳೆಯ ನಡುವಿನ ಬಂಡೆಗಳ ಮೇಲಿದ್ದಾಗ ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಹೋದರು. ಹಂಪಿಯ ತುಂಗಭದ್ರೆಗೂ ಮೇಲೊಂದು ಅಣೆಕಟ್ಟೆ ಇದೆ, ಬಂಡೆಗಳ ನಡುವೆ ಸುಳಿಯಿದೆ, ಮೊಸಳೆಯಿದೆ. ದಡದಲ್ಲಿ ಪಾದ ಮುಳುಗಿಸಿದರೆ ಸಾಕು. ಈಜು ಬಲ್ಲೆ ಎನ್ನುವವನನ್ನೇ ಮೊದಲು ತಡೆಯಬೇಕು.

ಇನ್ನು ಕಾಲ. ‘ಪರೀಕ್ಷೆ ಮುಗಿಸಿ ಹೋಗೋಣ’ ಎಂಬ ವಾಡಿಕೆಯೇ ಈ ಇಡೀ ಪದ್ಧತಿಯ ದೊಡ್ಡ ತಪ್ಪು. ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಕಡಲಿಗೆ ಇಳಿಯುವಂತಿಲ್ಲ, ಜಲಪಾತದ ಬಂಡೆ ಪಾಚಿ, ಕಾಡು ತುಂಬ ಜಿಗಣೆ. ಅದಕ್ಕೂ ಮೊದಲು ಮಾರ್ಚ್-ಏಪ್ರಿಲ್‌ನಲ್ಲಿ ಹೋದರೆ ಹಂಪಿಯ ಬಂಡೆ ಕಾವಲಿಯಾಗಿರುತ್ತದೆ, ಕಾಳ್ಗಿಚ್ಚಿನ ಭಯಕ್ಕೆ ಎಷ್ಟೋ ಬೆಟ್ಟಗಳ ದಾರಿ ಮುಚ್ಚಿರುತ್ತದೆ. ಪದವಿ ಮುಗಿದ ಸಂಭ್ರಮ ಪದವಿ ಮುಗಿಯುವ ಮೊದಲೇ, ಐದನೇ ಸೆಮಿಸ್ಟರಿನ ಡಿಸೆಂಬರ್‌ನಲ್ಲಿ ಆಗಿಹೋಗಲಿ. ಫೇಲಾಗುವ ಭಯವಿರುವವರೂ ಆಗ ನಗುತ್ತ ಬರುತ್ತಾರೆ.

ಡಿಸೆಂಬರ್ ಎರಡನೇ ವಾರಕ್ಕೆ ಹೊರಡುವುದಾದರೆ ರೈಲ್ವೆಯ ಈಗಿನ 60 ದಿನದ ಲೆಕ್ಕದಲ್ಲಿ ಅಕ್ಟೋಬರ್ ಎರಡನೇ ವಾರಕ್ಕೇ ರಿಸರ್ವೇಶನ್ ತೆರೆಯುತ್ತದೆ. ವಿದ್ಯಾರ್ಥಿ ರಿಯಾಯಿತಿಯ ಟಿಕೆಟ್ಟು ಮೊಬೈಲಿನಲ್ಲಿ ಸಿಗುವುದಿಲ್ಲ, ಸ್ಟೇಷನ್ ಕೌಂಟರಿಗೇ ಹೋಗಬೇಕು. ಪ್ರಿನ್ಸಿಪಾಲರ ಸಹಿಯನ್ನು ಸೆಪ್ಟೆಂಬರ್‌ನಲ್ಲೇ ಹಾಕಿಸಿಟ್ಟುಕೊಳ್ಳಿ.