11,172ರಲ್ಲೂ ಜಾಗ ಸಿಗದ ಅಕ್ಷರ

ಯೂನಿಕೋಡ್‌ನಲ್ಲಿ ಕೊರಿಯನ್ ಲಿಪಿಗೆ ಸಿಕ್ಕ ಮರ್ಯಾದೆ ಕನ್ನಡಕ್ಕೆ ಸಿಗಲಿಲ್ಲ ಎಂಬ ಅಳಲು ನಮ್ಮ ತಂತ್ರಾಂಶದ ಮಂದಿಯಲ್ಲಿ ಆಗಾಗ ಕೇಳಿಬರುತ್ತದೆ. ಅವರ ಒಂದೊಂದು ಗುಣಿತಾಕ್ಷರಕ್ಕೂ ಒಂದೊಂದು ಸಂಖ್ಯೆ, ಒಟ್ಟು 11,172. ನಮ್ಮ ಇಡೀ ಲಿಪಿಗೆ 128 ಮನೆ, ಅವುಗಳಲ್ಲೂ ಕೆಲವು ಖಾಲಿ. ಈ ಹೋಲಿಕೆಯ ಬುಡವೇ ತಪ್ಪು.

ಕೊರಿಯನ್ ಪಟ್ಟಿಯ ಕೀರ್ತಿ ನಿಂತಿರುವುದು ಅದರ ಲೆಕ್ಕದ ಚೆಲುವಿನ ಮೇಲೆ. ಮೊದಲ ವ್ಯಂಜನ 19, ಸ್ವರ 21, ಕೊನೆಯ ವ್ಯಂಜನ 27, ಅದು ಇಲ್ಲದ ಸ್ಥಿತಿಯೂ ಸೇರಿ 28. ಗುಣಿಸಿದರೆ 11,172. 'ಹನ್' ಎಂಬ ಅಕ್ಷರವನ್ನೇ ನೋಡಿ. ಸೊನ್ನೆಯಿಂದ ಎಣಿಸಿದರೆ ಹ್ 18, ಅ 0, ನ್ 4. ಹದಿನೆಂಟನ್ನು 21ರಿಂದ ಗುಣಿಸಿ, ಸ್ವರದ ಸೊನ್ನೆ ಕೂಡಿಸಿ, ಬಂದದ್ದನ್ನು 28ರಿಂದ ಗುಣಿಸಿ 4 ಸೇರಿಸಿದರೆ 10,588. ಪಟ್ಟಿ ಶುರುವಾಗುವ 44,032ಕ್ಕೆ ಅದನ್ನು ಕೂಡಿಸಿದರೆ 54,620. ಅದೇ 'ಹನ್'. ಹಿಂದಕ್ಕೆ ಭಾಗಿಸುತ್ತ ಬಂದರೆ ಮೂರು ಬಿಡಿಗಳೂ ಕೈಗೆ ಸಿಗುತ್ತವೆ. ಎಲ್ಲರೂ ತಲೆದೂಗುವುದು ಇಲ್ಲೇ, ನನ್ನ ತಕರಾರೂ ಇಲ್ಲೇ. ಬಿಡಿಯಿಂದ ಇಡಿಯನ್ನು, ಇಡಿಯಿಂದ ಬಿಡಿಯನ್ನು ಲೆಕ್ಕ ಹಾಕಿಯೇ ಪಡೆಯಬಹುದಾದರೆ ಇಡಿಗಳನ್ನು ಬೇರೆಯಾಗಿ ಸಾಲುಗಟ್ಟಿ ಕೂರಿಸುವ ಅಗತ್ಯವೇನಿತ್ತು?

ಆ ಅಗತ್ಯ ಲಿಪಿಯದಲ್ಲ, ಚರಿತ್ರೆಯದು. 1987ರ ಕೊರಿಯನ್ ಮಾನಕ ಹೆಚ್ಚು ಬಳಕೆಯ 2,350 ಅಕ್ಷರಗಳನ್ನಷ್ಟೇ ಆರಿಸಿಕೊಂಡಿತು. ಪ್ರತಿ ಬಿಡಿಗೆ 5 ಬಿಟ್ ಕೊಟ್ಟು ಜೋಡಿಸುವ ಜೊಹಾಪ್ ಪದ್ಧತಿ ಅದರ ಎದುರಿಗಿತ್ತು. 1996ರಲ್ಲಿ ಯೂನಿಕೋಡ್ 2.0 ತನ್ನ ಹಳೆಯ ಕೊರಿಯನ್ ಅಕ್ಷರಸಂಖ್ಯೆಗಳನ್ನು ಕಿತ್ತು, ಹೊಸ ಜಾಗದಲ್ಲಿ 11,172ನ್ನೂ ಕೂರಿಸಿತು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಇನ್ನೆಂದೂ ಬದಲಿಸಬಾರದೆಂಬ ನಿಯಮ ಗಟ್ಟಿಯಾದದ್ದು ಈ ರಾದ್ಧಾಂತದ ನಂತರ. ಇಂದಿನ ಕೊರಿಯನ್ ಬರಹಕ್ಕೆ ಆ ಪಟ್ಟಿ ಸಾಲುತ್ತದೆ, ಒಪ್ಪುತ್ತೇನೆ.

ಆದರೆ ಸೇಜೊಂಗ್ ದೊರೆ 1443ರಲ್ಲಿ ರೂಪಿಸಿದ್ದು 28 ಬಿಡಿ ಅಕ್ಷರಗಳನ್ನು. ಅವುಗಳಲ್ಲೊಂದು ಚುಕ್ಕೆಯ ರೂಪದ ಸ್ವರ. 1933ರ ಕಾಗುಣಿತ ನಿಯಮ ಅದನ್ನು ಕೈಬಿಟ್ಟಿತು. ಜೇಜು ದ್ವೀಪದ ನುಡಿಯನ್ನು ಬರೆಯಲು ಅದು ಈಗಲೂ ಬೇಕು. 1989ರಲ್ಲಿ ಬಂದು ಕೊರಿಯಾದಲ್ಲಿ ಮನೆಮಾತಾದ 'ಹಂಗುಲ್' ಎಂಬ ಬರವಣಿಗೆ ತಂತ್ರಾಂಶ ತನ್ನ ಹೆಸರಿನ ಮೊದಲ ಅಕ್ಷರವನ್ನು ಆ ಚುಕ್ಕೆ ಸ್ವರದಿಂದಲೇ ಬರೆದುಕೊಂಡಿತು. ಆ ಅಕ್ಷರ ಪಟ್ಟಿಯಲ್ಲಿಲ್ಲ. ಅಂಥವುಗಳಿಗಾಗಿ ಯೂನಿಕೋಡ್ ಬಿಡಿ ಅಕ್ಷರಗಳನ್ನೂ ಇಟ್ಟುಕೊಳ್ಳಬೇಕಾಯಿತು. ಈಗ 'ಹನ್' ಒಂದು ಸಂಖ್ಯೆಯೂ ಹೌದು, ಮೂರು ಸಂಖ್ಯೆಯೂ ಹೌದು. ಕಣ್ಣಿಗೆ ಒಂದೇ, ಎರಡನ್ನೂ ಸರಿಹೊಂದಿಸಿಕೊಳ್ಳದ ಹುಡುಕಾಟಕ್ಕೆ ಬೇರೆ ಬೇರೆ. ಮ್ಯಾಕ್‌ನಿಂದ ವಿಂಡೋಸ್‌ಗೆ ಕಳಿಸಿದ ಕೊರಿಯನ್ ಕಡತದ ಹೆಸರು ಕೆಲವೊಮ್ಮೆ ಬಿಡಿಬಿಡಿಯಾಗಿ ಚದುರಿ ಕಾಣುವುದು ಇದೇ ಕಾರಣಕ್ಕೆ.

ಇಂಥ ಪಟ್ಟಿಯನ್ನು ಕನ್ನಡಕ್ಕೆ ಬೇಡುವವರು ಒತ್ತಕ್ಷರಗಳನ್ನು ಎಲ್ಲಿಗೆ ನಿಲ್ಲಿಸುತ್ತಾರೆ? 'ರಾಷ್ಟ್ರ'ಕ್ಕೆ ಮನೆ ಕೊಟ್ಟರೆ 'ಸ್ಕ್ರೂ'ವಿಗೆ? ನಾಳೆ ಬರುವ ಪದಕ್ಕೆ? ವ್ಯಂಜನ, ಹಲಂತ, ಮತ್ತೊಂದು ವ್ಯಂಜನ ಎಂದು ಜೋಡಿಸುತ್ತ ಹೋಗುವ ನಮ್ಮ ಪದ್ಧತಿಯಲ್ಲಿ ಹೊಸ ಅಕ್ಷರ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಆ ಕೊರಿಯನ್ ತಂತ್ರಾಂಶದ ಹೆಸರಿನ ಮೊದಲ ಅಕ್ಷರವನ್ನು ಇಂದಿಗೂ ಬರೆಯುವುದು ಹೀಗೆಯೇ, ಮೂರು ಬಿಡಿಗಳನ್ನು ಒಂದರ ಪಕ್ಕ ಒಂದಿಟ್ಟು.