ಉಣಕಲ್ಲಿನ ನಾಲ್ಕು ಬಾಗಿಲು

“ಕಲ್ಲು ನೋಡಿ ಹುಡುಗರೇನ ಮಾಡ್ತಾವ್ರಿ? ಆಡಾಕ ಏನರ ಬೇಕಲ್ಲ!” ಸೂಟಿ ಬಿಟ್ಟಾಗ ಹುಬ್ಬಳ್ಳಿಯ ಮನೆಗಳಲ್ಲಿ ಕೇಳುವ ಮಾತಿದು. ಹೀಗೆಂದುಕೊಂಡೇ ಉಣಕಲ್ ಕೆರೆಯ ಉದ್ಯಾನ ಸುತ್ತಿದವರು ಊರೊಳಗಿನ ಚಂದ್ರಮೌಳೇಶ್ವರ ಗುಡಿಯತ್ತ ತಿರುಗದೆ ಮನೆಗೆ ಮರಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಗೆ ಸುಮಾರು 900 ವರ್ಷ. ನಮ್ಮ ಹೆಚ್ಚಿನ ಗುಡಿಗಳಲ್ಲಿ ಗರ್ಭಗುಡಿಗೆ ಒಂದೇ ಬಾಗಿಲು, ಒಳಗೆ ಕತ್ತಲೆ. ಇಲ್ಲಿ ನಾಲ್ಕು ದಿಕ್ಕಿಗೂ ಬಾಗಿಲು. ಮಗುವನ್ನು ಒಂದು ಸುತ್ತು ಹಾಕಿಸಿ, ಗುಡಿಯ ಮುಂಭಾಗ ಯಾವುದು ಎಂದು ಕೇಳಿ ನೋಡಿ. ಓಡುತ್ತದೆ, ಎಣಿಸುತ್ತದೆ, ವಾದಿಸುತ್ತದೆ. ಜಾಲಂಧ್ರದ ತೂತುಗಳಿಂದ ಬೆಳಕು ಹೇಗೆ ಬರುತ್ತದೆಂದು ತಾನೇ ಹುಡುಕುತ್ತದೆ. ಇದು ಆಟವಲ್ಲದೆ ಮತ್ತೇನು? ಹಂಪಿಯ ಹಾಸುಗಲ್ಲುಗಳ ಮೇಲೆ ಹಳಬರು ಕೊರೆದ ಆಟದ ಮನೆಗಳು ಇಂದಿಗೂ ಇವೆ. ಕಲ್ಲಿಗೂ ಆಟಕ್ಕೂ ಹಗೆಯಿತ್ತೆಂದು ಅವರಾರೂ ತಿಳಿದಿರಲಿಲ್ಲ.

ಚಿತ್ರದುರ್ಗದ ಚಂದ್ರವಳ್ಳಿಯದೂ ಇದೇ ಕಥೆ. ಕೆರೆ, ಬಂಡೆ, ಗುಹೆ ಎಂದು ಬುತ್ತಿ ಕಟ್ಟಿಕೊಂಡು ಜನ ಹೋಗುತ್ತಾರೆ. ಅದೇ ನೆಲದಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಶಾತವಾಹನರ ನಾಣ್ಯಗಳ ಜೊತೆಗೆ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು. ಕಡಲಾಚೆಯ ದೊರೆಯ ಮುಖ ನಮ್ಮ ಬೆಟ್ಟದ ಬುಡಕ್ಕೆ ಹೇಗೆ ಬಂತು? ಊಟದ ಎಲೆ ಬಿಚ್ಚುವ ಮೊದಲು ತಾಯಿತಂದೆ ಇದೊಂದು ಪ್ರಶ್ನೆ ಕೇಳಿದರೆ ಸಾಕು, ಹುಡುಗರು ಆ ಮಣ್ಣನ್ನು ಬೇರೆ ಕಣ್ಣಿಂದ ನೋಡುತ್ತಾರೆ.

ಮಕ್ಕಳನ್ನು ಬಿಟ್ಟರೆ ಕಲ್ಲು ಕೆಡುತ್ತದೆ ಎನ್ನುವವರ ಆತಂಕ ಸುಳ್ಳಲ್ಲ. ಕಂಬಗಳ ಮೇಲೆ ಹೆಸರು ಗೀಚುವವರನ್ನು ನಾನೂ ಕಂಡಿದ್ದೇನೆ. ಆದರೆ ಅವರೆಲ್ಲ ಬೆಳೆದವರು. ಆ ಕಂಬದ ಕಥೆಯನ್ನು ಚಿಕ್ಕಂದಿನಲ್ಲಿ ಯಾರೂ ಹೇಳದೆ ಬಿಟ್ಟವರು. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರಿನಲ್ಲಿ ಹೊಸ ಕಟ್ಟಡ ತಡೆಯುತ್ತದೆ, ಸರಿ. ಕಂಬದ ಮೇಲೆ ಮೊಳೆಯೂರುವ ಕೈಯನ್ನು ತಡೆಯಲು ಅಷ್ಟು ಸಾಲದು. ಸ್ಮಾರಕಗಳ ಮುಂದಿನ ನೀಲಿ ಫಲಕ ದಂಡ, ಶಿಕ್ಷೆಗಳ ಮಾತನ್ನಷ್ಟೇ ಆಡುತ್ತದೆ. ಅದರ ಪಕ್ಕದಲ್ಲೇ, ಹತ್ತು ವರ್ಷದ ಹುಡುಗಿಯ ಎತ್ತರಕ್ಕೆ, ದಪ್ಪ ಕನ್ನಡ ಅಕ್ಷರದಲ್ಲಿ ಇನ್ನೊಂದು ಫಲಕ ಬೇಕು: “ಒಳಗೆ ಹೋಗು. ನಾಲ್ಕೂ ಬಾಗಿಲಿನಿಂದ ಏನೇನು ಕಾಣುತ್ತದೆ ನೋಡಿ ಬಾ.”