ಪ, ಸ, ಪ: ತುಟಿಗೆ ಬಂದ ಪರೀಕ್ಷೆ

ಶಾಲಾ ಬ್ಯಾಂಡಿನ ಮಕ್ಕಳಿಗೆ ಫ್ಯಾನ್‌ಫೇರ್ ಎಂದರೆ ಪ್ರಾಣ. ಟ್ರಂಪೆಟ್ ಎತ್ತಿ ಸಭೆಯೆಲ್ಲ ತಲೆಯೆತ್ತುವಂತೆ ಊದುವ ಅವಕಾಶ ಬೇರೆಲ್ಲಿ ಸಿಕ್ಕೀತು? ಆದರೆ ಕಿವಿಗೆ ಇಷ್ಟು ಸರಳವಾದದ್ದು ಎಳೆಯ ತುಟಿಗಳಿಗೆ ಬಲು ಕಠಿಣ.

ಅಮೆರಿಕದ ಆರನ್ ಕೋಪ್‌ಲ್ಯಾಂಡ್ 1942ರಲ್ಲಿ ಬರೆದ ‘ಫ್ಯಾನ್‌ಫೇರ್ ಫಾರ್ ದ ಕಾಮನ್ ಮ್ಯಾನ್’ ಕೃತಿಯನ್ನೇ ನೋಡಿ. ಯುದ್ಧದ ದಿನಗಳಲ್ಲಿ ಸಿನ್ಸಿನಾಟಿ ಸಿಂಫನಿಯ ನಿರ್ದೇಶಕ ಯೂಜೀನ್ ಗೂಸೆನ್ಸ್ ಹಲವರಿಂದ ಇಂಥ ಕೃತಿಗಳನ್ನು ಬರೆಸಿದರು. ಅವುಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಇದೇ. 1943ರ ಮಾರ್ಚ್ 12ರಂದು, ಆದಾಯ ತೆರಿಗೆ ಕಟ್ಟುವ ಹೊತ್ತಿನಲ್ಲಿ, ಜನಸಾಮಾನ್ಯನ ಈ ಗೌರವಗೀತ ಮೊದಲ ಬಾರಿ ಮೊಳಗಿತು. ಬೇಕಾದದ್ದು 4 ಹಾರ್ನ್, 3 ಟ್ರಂಪೆಟ್, 3 ಟ್ರೊಂಬೋನ್, ಒಂದು ಟ್ಯೂಬಾ. ಜೊತೆಗೆ ಟಿಂಪನಿ, ಬೇಸ್ ಡ್ರಮ್ ಮತ್ತು ದೊಡ್ಡ ಜಾಗಟೆಯಂಥ ಟ್ಯಾಮ್‌ಟ್ಯಾಮ್.

ತಾಳವಾದ್ಯಗಳ ಗುಡುಗಿನ ನಂತರ ಟ್ರಂಪೆಟ್‌ಗಳು ಒಂದೇ ದನಿಯಲ್ಲಿ ಏಳುತ್ತವೆ. ಮೊದಲ ಮೂರು ಸ್ವರಗಳನ್ನು ನಮ್ಮ ರೀತಿಯಲ್ಲಿ ಹೇಳಿದರೆ ಕೆಳಗಿನ ಪ, ಸ, ಮೇಲಿನ ಪ. ತೊಡಕು ಇರುವುದು ಇಲ್ಲಿಯೇ. ಟ್ರಂಪೆಟ್‌ನ ಯಾವ ಗುಂಡಿಯನ್ನೂ ಒತ್ತದೆ ಸ, ಪ, ಮೇಲಿನ ಸ, ಗ, ಪ ಎಲ್ಲವನ್ನೂ ನುಡಿಸಬಹುದು; ಯಾವುದು ಬರಬೇಕೆಂದು ತೀರ್ಮಾನಿಸುವುದು ತುಟಿ ಮತ್ತು ಉಸಿರು. ಬೆರಳು ಸರಿಯಿದ್ದರೂ ಸ್ವರ ಜಾರುತ್ತದೆ. ಹಾರ್ನ್‌ನಲ್ಲಂತೂ ಈ ಸ್ವರಗಳು ಇನ್ನೂ ಒತ್ತೊತ್ತಾಗಿರುವುದರಿಂದ ಪಕ್ಕದ್ದು ನುಡಿದುಬಿಡುವ ಭಯ ಹೆಚ್ಚು.

ಹಾಗಾಗಿ ಮಕ್ಕಳಿಗಾಗಿ ಅಳವಡಿಸುವವರು ಕೃತಿಯ ಶ್ರುತಿಯನ್ನು ಇಳಿಸುತ್ತಾರೆ, ತುಟಿ ದಣಿಯದಂತೆ ನಡುನಡುವೆ ಬಿಡುವು ಕೊಡುತ್ತಾರೆ. ಮೂಲದಲ್ಲಿ ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಿಗೆ ಕೆಲಸವೇ ಇಲ್ಲ. ಶಾಲಾ ಬ್ಯಾಂಡಿನಲ್ಲಿ ಅವನ್ನು ಹಿಡಿದವರೇ ಸಾಲುಸಾಲು. ಅವರನ್ನು ಸುಮ್ಮನೆ ಕೂರಿಸಲಾಗದು. ಕ್ಲಾರಿನೆಟ್ ಕಲಿಯುವವರು ಕೆಳ ಸ್ತರದಿಂದ ಮೇಲಕ್ಕೆ ದಾಟುವಾಗ ಹೆಚ್ಚುಕಡಿಮೆ ಎಲ್ಲ ರಂಧ್ರಗಳನ್ನೂ ಒಮ್ಮೆಲೇ ಮುಚ್ಚಬೇಕು. ಅನುಭವಿಗಳು ಆ ದಾಟನ್ನು ತಪ್ಪಿಸಿ ನೀಳವಾದ ಒಂದು ಸ್ವರ ಕೊಡುತ್ತಾರೆ.

ಕೆಟ್ಟ ಅಳವಡಿಕೆಯ ಗುರುತು ಒಂದೇ: ಗುಡುಗು ಮತ್ತು ಟ್ರಂಪೆಟ್‌ಗಳ ನಡುವಿನ ಮೌನವನ್ನು ಅಲಂಕಾರಗಳಿಂದ ತುಂಬುವುದು. ಆ ಖಾಲಿ ಜಾಗವೇ ಈ ಕೃತಿಯ ಗಾಂಭೀರ್ಯ. ಅದನ್ನು ಮುಟ್ಟದೆ, ದನಿಗಳ ಸಂಖ್ಯೆಯನ್ನಷ್ಟೇ ತಗ್ಗಿಸಿದರೆ ಮಕ್ಕಳ ಕೈಯಲ್ಲೂ ಕೋಪ್‌ಲ್ಯಾಂಡ್ ಕೋಪ್‌ಲ್ಯಾಂಡ್ ಆಗಿಯೇ ಉಳಿಯುತ್ತಾರೆ.

ಬಲ್ಲ ಬ್ಯಾಂಡ್ ಮೇಷ್ಟರು ವಾದ್ಯ ಎತ್ತಿಸುವ ಮುನ್ನ ಆ ಮೂರು ಸ್ವರಗಳನ್ನು ಬಾಯಲ್ಲಿ ಹಾಡಿಸುತ್ತಾರೆ, ಆಮೇಲೆ ಬರೀ ಮೌತ್‌ಪೀಸ್‌ನಲ್ಲಿ ಊದಿಸುತ್ತಾರೆ. ಕಿವಿ ಮೊದಲು ಕೇಳಿಸಿಕೊಂಡ ಸ್ವರವನ್ನು ತುಟಿ ಬೇಗ ಹಿಡಿಯುತ್ತದೆ.